ವೀಳ್ಯದೆಲೆಯ ಅಡಿಯಲ್ಲಿ

ಜಮೀನು ಕಚೇರಿಯ ಸೋಮಪಾಲ ಯಾರ ಮುಂದೆಯೂ ಕೈಯೊಡ್ಡಿದವನಲ್ಲ. ಹಾಗೆಂದು ಎದೆ ತಟ್ಟಿ ಹೇಳುತ್ತಿದ್ದ. ಕೆಲಸಕ್ಕೆ ಬಂದವರು ಬಗ್ಗಿ ವೀಳ್ಯದೆಲೆಯ ಕಟ್ಟು ಕೊಡುತ್ತಿದ್ದರು. ಮರ್ಯಾದೆಯ ಎಲೆಯನ್ನು ಬೇಡವೆನ್ನಲಾದೀತೇ? ಎಲೆಯಡಿಯ ನೋಟು ಅವನ ಬೆರಳುಗಳಿಗೆ ಗೊತ್ತಿತ್ತು, ಅವನಿಗಲ್ಲ.

ಸಿಂಹಳ ಹೊಸ ವರ್ಷದ ಬೆಳಗು. ದೂರದಲ್ಲೆಲ್ಲೋ ಕೋಗಿಲೆ, ಒಳಗಿಂದ ತೆಂಗಿನ ಹಾಲಿನಲ್ಲಿ ಬೇಯುವ ಅನ್ನದ ಘಮ. ಸೋಮಪಾಲ ಕುರ್ಚಿಯಲ್ಲೇ ಅರೆನಿದ್ದೆಯಲ್ಲಿ ತೇಲುತ್ತಿದ್ದ. ಮಗಳು ನಿಲ್ಮಿಣಿ ವಾಡಿಕೆಯಂತೆ ಮಂಡಿಯೂರಿ, ವೀಳ್ಯದೆಲೆ ಕೊಟ್ಟು ಕಾಲಿಗೆ ನಮಸ್ಕರಿಸಿದಳು. ಹರಸಲೆಂದು ಬಾಯಿ ತೆರೆದ. ಬೆರಳುಗಳು ಎಲೆಯಡಿ ತಡಕಾಡತೊಡಗಿದವು.

"ಏನ್ ಹುಡುಕ್ತಿದ್ದೀರಿ ಅಪ್ಪಾ? ಹುಳ ಇಲ್ಲ, ನಾನೇ ತೊಳ್ದಿದ್ದೀನಿ," ಎಂದು ಮಗಳು ನಕ್ಕಳು.

"ಏನಿಲ್ಲ ಮಗಳೇ," ಎಂದ.

ಏನೂ ಸಿಗದಿದ್ದಕ್ಕೆ ಅವಳ ಮೇಲೆ ಒಳಗೊಳಗೇ ಸಿಟ್ಟು ಬಂದಿತ್ತು.