ಟ್ಯಾಂಕಿನ ಚಿತ್ರವಿದ್ದ ಲೆಟರ್‌ಹೆಡ್

ಚೀನಾದಿಂದ ಆಯಸ್ಕಾಂತ ಬರುವುದು ನಿಂತಿದೆ ಎಂದು ನನಗೆ ಮೊದಲು ಹೇಳಿದವನು ಚಕ್ರಪಾಣಿ. ಅವನು ಒಂದು ಬ್ಯಾಟರಿ ಸ್ಕೂಟರ್ ಕಂಪನಿಯ ಖರೀದಿ ಮ್ಯಾನೇಜರು. ಅವನ ಕಂಪನಿಗೆ ಚಕ್ರದ ಮೋಟರು ಮಾಡಿಕೊಡುವವನು ನಾನು. ಚಿಕ್ಕಲಸಂದ್ರದಲ್ಲಿ ನನ್ನದೊಂದು ಷೆಡ್ ಇದೆ. ಎಂಟು ಜನ ಹೆಂಗಸರು ಕೆಲಸಕ್ಕಿದ್ದರು. ತಾಮ್ರದ ತಂತಿ ಸುತ್ತುವುದು, ಚಕ್ರದ ಒಳಸುತ್ತಿಗೆ ಆಯಸ್ಕಾಂತದ ಬಿಲ್ಲೆ ಅಂಟಿಸುವುದು, ಇಷ್ಟು ಕೆಲಸ. ಒಂದು ಮೋಟರಿಗೆ ನಲವತ್ತಾರು ಬಿಲ್ಲೆ. ಒಂದೊಂದೂ ಬಿಸ್ಕತ್ತಿಗಿಂತ ಚಿಕ್ಕದು. ಅದು ಬರದೆ ಹೋದರೆ ಅಷ್ಟು ದೊಡ್ಡ ಕಂಪನಿ ನಿಂತುಹೋಗುತ್ತದೆಯೇ ಎಂದು ನಾನು ಫೋನಿನಲ್ಲೇ ನಕ್ಕೆ.

"ನಗ್ಬೇಡಿ ಶಂಕರಣ್ಣ," ಎಂದ. "ಅಮೆರಿಕದವನು ಚೀನಾ ಮಾಲಿಗೆ ಟ್ಯಾಕ್ಸ್ ಏರ್ಸಿದ. ಹಂಗಾದ್ರೆ ತಗೋ ಅಂತ ಚೀನಾದವನು ಮ್ಯಾಗ್ನೆಟ್ ನಿಲ್ಸಿದ."

"ಅಮೆರಿಕಕ್ಕೆ ನಿಲ್ಸ್ಲಿ. ನಾವೇನ್ ಮಾಡಿದ್ವಿ?"

"ಎಲ್ರಿಗೂ ನಿಲ್ಸಿದಾನೆ."

ಪೇಪರಿನವರು ಒಬ್ಬನನ್ನು ದೊಡ್ಡಣ್ಣ ಎಂದು ಬರೆಯುತ್ತಾರೆ, ಇನ್ನೊಬ್ಬನನ್ನು ಡ್ರ್ಯಾಗನ್ ಎಂದು. ಇಬ್ಬರಲ್ಲಿ ಯಾರು ಗೆಲ್ಲುತ್ತಾರೆ ಎಂದು ಟೈ ಕಟ್ಟಿದವರು ಟಿ.ವಿ.ಯಲ್ಲಿ ಕಿರುಚುತ್ತಾರೆ. ನಾನು ಊರಿನ ಶಾಲೆಯಲ್ಲಿ ಹತ್ತನೇ ಕ್ಲಾಸು, ಆಮೇಲೆ ತಿಪಟೂರಿನಲ್ಲಿ ಐಟಿಐ ಓದಿದವನು. ನನಗೆ ತಿಳಿದದ್ದು ಇಷ್ಟೇ. ಒಬ್ಬ ತನ್ನ ಮನೆಗೆ ಬೇಕಾದ್ದನ್ನೆಲ್ಲ ಇನ್ನೊಬ್ಬನ ಕೈಲಿ ಅಗ್ಗಕ್ಕೆ ಮಾಡಿಸಿಕೊಂಡ. ಮಾಡಿಕೊಡುತ್ತ ಮಾಡಿಕೊಡುತ್ತ ಅವನು ಬೆಳೆದುಬಿಟ್ಟ. ಈಗ ಇವನಿಗೆ ಹೊಟ್ಟೆಯುರಿ, ಅವನಿಗೆ ಸೊಕ್ಕು. ಮಧ್ಯದಲ್ಲಿ ಒಂದು ಬಿಲ್ಲೆ ಮಾಡುವುದನ್ನೂ ಕಲಿಯದೆ ಕೂತಿದ್ದ ನಮ್ಮನ್ನು ಏನೆಂದು ಕರೆಯಬೇಕೋ, ಅದನ್ನು ಬರೆದರೆ ಅಚ್ಚು ಹಾಕುವುದಿಲ್ಲ.

ನನಗಿದ್ದ ಚಿಂತೆ ಒಂದೇ. ಈ ಎಂಟು ಜನರನ್ನು ಮನೆಗೆ ಕಳಿಸಬಾರದು. ಎಂಟರಲ್ಲಿ ಆರು ಜನಕ್ಕೆ ನಲವತ್ತು ದಾಟಿತ್ತು. ಆ ವಯಸ್ಸಿನವರನ್ನು ಗಾರ್ಮೆಂಟ್ಸಿನವರು ಬಾಗಿಲಲ್ಲೇ ನಿಲ್ಲಿಸಿ ವಾಪಸು ಕಳಿಸುತ್ತಾರೆ. ಎಲ್ಲರಿಗಿಂತ ಹಳಬಳು ನೀಲಗಂಗಮ್ಮ. ಐವತ್ತೆರಡು ವರ್ಷ, ಗಂಡ ಇಲ್ಲ, ಉತ್ತರಹಳ್ಳಿಯಿಂದ ನಡೆದುಕೊಂಡೇ ಬರುತ್ತಿದ್ದಳು. ಷೆಡ್ ಶುರುವಾದ ದಿನದಿಂದ, ಅಂದರೆ ಹತ್ತೊಂಬತ್ತು ವರ್ಷದಿಂದ ನನ್ನ ಜೊತೆ ಇದ್ದವಳು. ಉಳಿದ ಏಳು ಜನಕ್ಕೂ ಕೆಲಸ ಕಲಿಸಿದವಳು ಅವಳೇ.

ಮೇ ತಿಂಗಳಲ್ಲಿ ಚಕ್ರಪಾಣಿ ಒಂದು ಫಾರಂ ಕಳಿಸಿದ. ಆಯಸ್ಕಾಂತ ಬೇಕಾದರೆ ಅದನ್ನು ಮುಟ್ಟುವ ಪ್ರತಿಯೊಬ್ಬರೂ ಚೀನಾ ಸರ್ಕಾರಕ್ಕೆ ಬರೆದುಕೊಡಬೇಕಂತೆ. ಸೈನ್ಯದ ಕೆಲಸಕ್ಕೆ ಬಳಸುವುದಿಲ್ಲ, ಅಮೆರಿಕಕ್ಕೆ ಕಳಿಸುವುದಿಲ್ಲ ಎಂದು.

"ಚಿಕ್ಕಲಸಂದ್ರದಿಂದ ನಾನು ಅಮೆರಿಕಕ್ಕೆ ಏನ್ ಕಳಿಸ್ಲಿ? ಕೊತ್ತಂಬರಿ ಸೊಪ್ಪಾ?" ಎಂದು ಕೂಗಾಡಿದೆ.

"ಸುಮ್ನೆ ಸೈನ್ ಹಾಕ್ರೀ," ಎಂದಳು ನನ್ನ ಹೆಂಡತಿ ಅಂಜನಾ. ಷೆಡ್ಡಿನ ಕಾಗದಪತ್ರವೆಲ್ಲ ಅವಳದೇ. "ಲೆಟರ್‌ಹೆಡ್ ಮೇಲೆ ಮಾಡಿ, ನೋಟರಿ ಮಾಡಿಸ್ಬೇಕಂತೆ. ರೀ, ನಮ್ಮ ಲೆಟರ್‌ಹೆಡ್ ಹಳೇದು. ಕಂಪ್ಯೂಟರಲ್ಲಿ ಹೊಸದೊಂದು ಮಾಡ್ಲಾ?"

"ಎರಡು ರೀಮ್ ಬೀರುನಲ್ಲಿ ಬಿದ್ದಿದೆ. ಹೊಸದ್ಯಾಕೆ? ಲೆಟರ್‌ಹೆಡ್ ಅಂದ್ರೆ ಲೆಟರ್‌ಹೆಡ್."

"ನೋಡಿ ಆಮೇಲೆ."

"ಏನ್ ನೋಡೋದು? ನಿಂಗೆ ಎಲ್ಲಾದ್ರಲ್ಲೂ ಒಂದು ಕೊಸರು."

ಅವಳು ಆ ಹಳೇದರ ಮೇಲೆಯೇ ಪ್ರಿಂಟ್ ತೆಗೆದಳು. ಬನಶಂಕರಿ ಕಾಂಪ್ಲೆಕ್ಸಿನ ಹತ್ತಿರ ಕೂರುವ ನೋಟರಿ ಓದದೆಯೇ ಠಸ್ಸೆ ಹೊಡೆದ.

ಆಮೇಲೆ ಕಾದೆವು. ಇದ್ದ ಬಿಲ್ಲೆ ಜೂನ್ ಎರಡನೇ ವಾರಕ್ಕೆ ಮುಗಿಯಿತು. ತಾಮ್ರದ ತಂತಿಯ ಕಾಯಿಲ್ ಸುತ್ತುವುದನ್ನು ಮಾತ್ರ ಮುಂದುವರಿಸಿದೆವು. ಸುತ್ತಿದ ಕಾಯಿಲುಗಳು ಗೋಡೆಯ ಉದ್ದಕ್ಕೂ ಹೆಗಲೆತ್ತರಕ್ಕೆ ಬಂದವು. ತಂತಿಯೂ ಮುಗಿದ ಮೇಲೆ ಷೆಡ್ಡಿಗೆ ಸುಣ್ಣ ಹೊಡೆಸಿದೆ, ಟೇಬಲ್ಲು ಉಜ್ಜಿಸಿದೆ. ಉಜ್ಜಿದ್ದನ್ನೇ ಮತ್ತೆ ಉಜ್ಜುತ್ತಿದ್ದ ನೀಲಗಂಗಮ್ಮ, "ಶಂಕ್ರಣ್ಣ, ಇನ್ನೊಂದ್ ವಾರ ಉಜ್ಜಿದ್ರೆ ಟೇಬಲ್ಲೇ ತೂತ್ ಬೀಳ್ತದೆ," ಎಂದಳು. ಎಲ್ಲರೂ ನಕ್ಕರು. ನಾನು ಹೊರಗೆ ಹೋಗಿ ಬೀದಿಯಲ್ಲಿ ನಿಂತು, ನಮ್ಮನ್ನು ಒಂದು ಮಾತೂ ಕೇಳದೆ ಕಿತ್ತಾಡುತ್ತಾರೆಂದು ಎರಡೂ ದೇಶವನ್ನು ಬಾಯಿಗೆ ಬಂದಂತೆ ಬೈದೆ. ಒಳಗೆ ಎಲ್ಲರಿಗೂ ಕೇಳಿಸಿತು.

ಜುಲೈನಲ್ಲಿ ಚಕ್ರಪಾಣಿ ತಾನೇ ಬಂದ. ಕಾರಿನಿಂದ ಇಳಿದವನು ನೀರನ್ನೂ ಕೇಳದೆ ನನ್ನ ಪತ್ರದ ನಕಲನ್ನು ಮೇಜಿನ ಮೇಲಿಟ್ಟ.

"ಇದೇನ್ರಿ ಇದು?"

ನೋಡಿದೆ. ಪತ್ರದ ನೆತ್ತಿಯ ಮೇಲೆ ಕೆಂಪು ಅಕ್ಷರದಲ್ಲಿ 'ರಕ್ಷಣಾ ಇಲಾಖೆಗೆ ಸರಬರಾಜುದಾರರು' ಎಂದಿತ್ತು. ಕೆಳಗೆ ಅದೇ ಮಾತು ಇಂಗ್ಲಿಷಿನಲ್ಲಿ. ಪಕ್ಕದಲ್ಲಿ ಒಂದು ಯುದ್ಧದ ಟ್ಯಾಂಕು, ಕೊಳವೆ ಎತ್ತಿಕೊಂಡು ನಿಂತಿತ್ತು. ಅದರ ಅಡಿಯಲ್ಲಿ, ಸೈನ್ಯಕ್ಕೆ ಏನನ್ನೂ ಮಾಡಿಕೊಡುವುದಿಲ್ಲವೆಂದು ನನ್ನ ಪ್ರಮಾಣ, ನನ್ನ ಸಹಿ.

ಹನ್ನೆರಡು ವರ್ಷದ ಹಿಂದೆ ಒಬ್ಬ ಕಂಟ್ರಾಕ್ಟರನ ಮೂಲಕ ಸೈನ್ಯದ ಜೀಪಿನ ಫ್ಯಾನಿಗೆ ನಾನೂರು ಕಾಯಿಲ್ ಸುತ್ತಿಕೊಟ್ಟಿದ್ದೆ. ಅಷ್ಟಕ್ಕೇ ಎದೆಯುಬ್ಬಿಸಿ ಲೆಟರ್‌ಹೆಡ್ ಮಾಡಿಸಿದೆ. ಬೆಂಗಳೂರಿನ ಸಣ್ಣ ಷೆಡ್ಡಿನವರೆಲ್ಲ ಹಾಗೆ ಮಾಡುತ್ತಿದ್ದರು. ರಕ್ಷಣಾ ಇಲಾಖೆಯ ಹೆಸರು ಇದ್ದರೆ ಬ್ಯಾಂಕಿನವನು ಕುರ್ಚಿ ಕೊಡುತ್ತಾನೆ. ಟ್ಯಾಂಕಿನ ಚಿತ್ರವನ್ನು ಪ್ರೆಸ್ಸಿನವನು ಪುಕ್ಕಟೆ ಸೇರಿಸಿದ್ದ. ಇಷ್ಟು ವರ್ಷ ಕಣ್ಣ ಮುಂದೆ ಇದ್ದು ಇದ್ದು ಅದು ನನಗೆ ಕಾಣುವುದೇ ನಿಂತುಹೋಗಿತ್ತು.

"ಅದು ಫ್ಯಾನ್ ಕಣ್ರೀ! ಜೀಪಿನ ಫ್ಯಾನು!"

"ನಂಗ್ ಹೇಳಿ ಏನ್ ಪ್ರಯೋಜ್ನ? ಬೀಜಿಂಗಿಗೆ ಹೇಳಿ. ಹದಿನೇಳು ಸಪ್ಲೈಯರ್ ಪತ್ರ ಇತ್ತು ನಮ್ಮ ಫೈಲಲ್ಲಿ. ಈ ಟ್ಯಾಂಕ್ ನೋಡಿ ಇಡೀ ಫೈಲ್ ವಾಪಸ್ ಹಾಕಿದಾರೆ. ಮತ್ತೆ ಮೊದಲಿಂದ ಸಾಲಲ್ಲಿ ನಿಲ್ಬೇಕು."

"ಹೊಸ ಪತ್ರ ಕೊಡ್ತೀನಿ. ಈಗ್ಲೇ ಕೊಡ್ತೀನಿ."

"ಕೊಡಿ," ಎಂದ. ಕಾರಿನ ಕಡೆ ಹೊರಟ.

ಅಂಜನಾ ಬಾಗಿಲಲ್ಲಿ ನಿಂತಿದ್ದಳು. 'ನಾನು ಹೇಳಿರಲಿಲ್ವಾ' ಎಂದು ಅವಳು ಅಂದಿದ್ದರೆ ಜಗಳವಾಡಿ ಹಗುರಾಗುತ್ತಿದ್ದೆ. ಅವಳು ಒಳಗೆ ಹೋಗಿ ಕಂಪ್ಯೂಟರ್ ಹಾಕಿದಳು. ಟ್ಯಾಂಕಿಲ್ಲದ ಲೆಟರ್‌ಹೆಡ್ ಮಾಡಿ ಹೊಸ ಪತ್ರ ತೆಗೆದಳು, ಕಳಿಸಿದೆವು. ಅದಕ್ಕೆ ಉತ್ತರವೇ ಬರಲಿಲ್ಲ.

ಗೌರಿ ಹಬ್ಬಕ್ಕೆ ಹೆಂಗಸರಿಗೆಲ್ಲ ಮುಂದಿನ ಸೋಮವಾರದವರೆಗೆ ರಜೆ ಕೊಟ್ಟೆ. ಕೆಲಸವಿಲ್ಲದ ಷೆಡ್ಡಿಗೆ ರಜೆ ಬೇರೆ. ಹಬ್ಬದ ದಿನ ನಾನೊಬ್ಬನೇ ಕೂತಿದ್ದಾಗ ಚಕ್ರಪಾಣಿ ಮತ್ತೆ ಬಂದ. ಈ ಸಲ ಒಂದು ರಟ್ಟಿನ ಪೆಟ್ಟಿಗೆ ತಂದಿದ್ದ. ಬಿಚ್ಚಿದರೆ ಮೋಟರು. ಪೂರ್ತಿ ತಯಾರಾದದ್ದು.

"ಚೀನಾದ್ದು," ಎಂದ. "ಮ್ಯಾಗ್ನೆಟ್ ಕೊಡಲ್ಲ. ಮ್ಯಾಗ್ನೆಟ್ ಒಳಗಿರೋ ಮೋಟರ್ ಎಷ್ಟ್ ಬೇಕಾದ್ರೂ ಕೊಡ್ತಾರೆ. ಅದಕ್ಕೆ ಯಾವ ಪತ್ರನೂ ಬೇಡ."

ನಾನು ಮೋಟರನ್ನು ಮೇಜಿನ ಮೇಲಿಟ್ಟೆ.

"ಅಂದ್ರೆ ನಾವು?"

"ಅದಕ್ಕೇ ಬಂದೆ. ಪೆಟ್ಟಿಗೆ ಬಿಚ್ಚಿ, ಒಂದ್ಸಲ ತಿರುಗಿಸಿ ನೋಡಿ, ನಮ್ಮ ಕಂಪನಿ ಲೇಬಲ್ ಅಂಟಿಸಿ, ಮತ್ತೆ ಪ್ಯಾಕ್ ಮಾಡ್ಬೇಕು. ಮೇಲಿನವ್ರ ಹತ್ರ ಜಗಳ ಆಡಿ ನಿಮಗೆ ಇಟ್ಕೊಂಡಿದೀನಿ. ಎಂಟು ಜನಕ್ಕೂ ಕೆಲಸ ಆಗುತ್ತೆ ಶಂಕರಣ್ಣ. ಎರಡು ವರ್ಷಕ್ಕೆ ಯೋಚ್ನೆ ಇಲ್ಲ."

ಅವನು ನನಗೆ ಉಪಕಾರ ಮಾಡಲು ಬಂದಿದ್ದ. ಈಗ ಅದು ತಿಳಿಯುತ್ತದೆ. ಆಗ ನನಗೆ ಕೇಳಿಸಿದ್ದು ಲೇಬಲ್ ಎಂಬ ಒಂದೇ ಮಾತು.

"ಹತ್ತೊಂಬತ್ತು ವರ್ಷ ಮೋಟರ್ ಮಾಡ್ದೋನು ಚೀನಾದವನ ಮೋಟರಿಗೆ ಬೊಟ್ಟು ಇಡ್ಲಾ? ನಾಚ್ಕೆ ಆಗಲ್ವೇನ್ರೀ ಕೇಳೋಕೆ?"

"ಯೋಚ್ನೆ ಮಾಡಿ. ಎರಡು ದಿನ..."

"ಯೋಚ್ನೆ ಇಲ್ಲ, ಗೀಚ್ನೆ ಇಲ್ಲ. ಎದ್ದೇಳಿ. ಹೊರಡಿ ಮೊದ್ಲು."

ಅವನು ಎದ್ದು ಹೋದ. ಮೋಟರು ಮೇಜಿನ ಮೇಲೆಯೇ ಉಳಿಯಿತು. ಆ ದಿನ ನನಗೆ ಮನಸ್ಸಿಗೆ ಸಮಾಧಾನವಾಗಿತ್ತು ಎಂದು ಬರೆಯಲು ನಾಚಿಕೆಯಾಗುತ್ತದೆ. ಎರಡು ರಾಕ್ಷಸ ದೇಶಗಳಿಗೆ ನಾನೊಬ್ಬನೇ ಆಗಲ್ಲ ಎಂದುಬಿಟ್ಟೆ ಎಂದು ಅಂಜನಾಳ ಮುಂದೆ ಮೀಸೆ ತಿರುವಿದೆ. ಅವಳು ಕಡುಬು ಬಡಿಸಿದಳು.

ಸೋಮವಾರ ಹೆಂಗಸರು ಬಂದರು. ನೀಲಗಂಗಮ್ಮ ಆ ಮೋಟರಿನ ಮುಚ್ಚಳ ಬಿಚ್ಚಿ, ಒಳಗಿನ ತಂತಿಯ ಮೇಲೆ ಹೆಬ್ಬೆರಳು ಆಡಿಸಿದಳು.

"ಚೆಂದಾಗ್ ಸುತ್ತವ್ರೆ," ಎಂದಳು. "ಮಿಷಿನ್ನಲ್ಲಿ ಸುತ್ತಿರೋದು. ನಮ್ಮ ಕೈಲಿ ಇಷ್ಟ್ ಒತ್ತಾಗಿ ಬರಲ್ಲ. ಯಾರು ತಂದಿದ್ದು?"

ನಾನು ನಡೆದದ್ದನ್ನೆಲ್ಲ ಹೇಳಿದೆ. ಜಂಬದಿಂದಲೇ ಹೇಳಿದೆ. ಹೊರಡಿ ಎಂದದ್ದನ್ನು ಎರಡು ಸಲ ಹೇಳಿದೆ. ಯಾರೂ ನಗಲಿಲ್ಲ.

"ಎಂಟು ಜನಕ್ಕೂ ಅಂದ್ರಾ?" ಎಂದು ನೀಲಗಂಗಮ್ಮ ಕೇಳಿದಳು.

"ಹೂಂ. ಲೇಬಲ್ ಅಂಟ್ಸೋಕೆ. ನೀನು ಅಂಟ್ಸ್ತಿದ್ಯಾ ನೀಲಕ್ಕ? ಇಷ್ಟು ವರ್ಷ ಇಷ್ಟು ಕೆಲಸ ಮಾಡಿ?"

"ಅಂಟಿಸ್ತಿದ್ದೆ."

"ಏನು?"

"ಅಂಟಿಸ್ತಿದ್ದೆ ಅಂದೆ. ಟೇಬಲ್ ಉಜ್ಜಿದೋಳು ಲೇಬಲ್ ಅಂಟಿಸಲ್ವಾ? ನಮ್ಮನ್ನ ಒಂದು ಮಾತು ಕೇಳಿದ್ರೆ ಏನಾಗ್ತಿತ್ತು ಶಂಕ್ರಣ್ಣ?" ದನಿ ಏರಲಿಲ್ಲ. "ಆ ಎರಡು ದೇಶದೋರೂ ಕಿತ್ತಾಡ್ತಾ ನಿಮ್ಮನ್ನ ಒಂದು ಮಾತು ಕೇಳ್ಲಿಲ್ಲ ಅಂತ ಬೀದೀಲಿ ನಿಂತು ಬೈತಿದ್ರಲ್ಲ ನೀವು."

ಹತ್ತೊಂಬತ್ತು ವರ್ಷದಲ್ಲಿ ಅವಳು ನನಗೆ ಎದುರು ಮಾತಾಡಿದ್ದು ಅದೇ ಮೊದಲು. ಷೆಡ್ಡಿನಿಂದ ಹೊರಗೆ ಬಂದು, ಎದುರುಮನೆಯ ಕಾಂಪೌಂಡಿನ ನೆರಳಲ್ಲಿ ನಿಂತು ಫೋನ್ ಮಾಡಿದೆ.

"ಚಕ್ರಪಾಣಿ ಸಾರ್," ಎಂದೆ. ಅವನನ್ನು ಎಂದೂ ಸಾರ್ ಎಂದು ಕರೆದವನಲ್ಲ. "ಅವತ್ತು ಕೋಪದಲ್ಲಿ ಏನೋ ಅಂದುಬಿಟ್ಟೆ. ಆ ಲೇಬಲ್ ಕೆಲಸ ನಾವು ಮಾಡ್ತೀವಿ."

"ಆ ಕೆಲ್ಸಾನೇ ಇಲ್ಲ ಶಂಕರಣ್ಣ."

"ಬೇರೆಯವ್ರಿಗೆ ಕೊಟ್ರಾ? ಅರ್ಧ ಕೊಡಿ. ನಾಲ್ಕು ಜನಕ್ಕಾದ್ರೂ ಆಗ್ಲಿ."

"ಯಾರಿಗೂ ಕೊಟ್ಟಿಲ್ಲ. ನೀವು ಬೇಡ ಅಂದಿದ್ದನ್ನ ಮೇಲಿನವ್ರಿಗೆ ಹೇಳಿದೆ. ಅವ್ರು ಚೀನಾದವ್ರಿಗೆ ಮೇಲ್ ಹಾಕಿದ್ರು. ಲೇಬಲ್ ನಾವೇ ಅಂಟಿಸಿ ಕಳಿಸ್ತೀವಿ ಅಂದ್ರಂತೆ. ಶನಿವಾರ ಫೋಟೋ ಕಳಿಸಿದಾರೆ. ಕನ್ನಡದಲ್ಲೂ ಇದೆ. ಒಂದು ಒತ್ತಕ್ಷರನೂ ತಪ್ಪಿಲ್ಲ."

"ಅವತ್ತೇ ಹೂಂ ಅಂದಿದ್ರೆ?"

"ಅವತ್ತೇ ಆರ್ಡರ್ ಹಾಕಿಸ್ತಿದ್ದೆ. ಪೆನ್ನು ಜೇಬಲ್ಲೇ ಇತ್ತು."

ಫೋನ್ ಇಟ್ಟ ಮೇಲೂ ಅಲ್ಲೇ ನಿಂತಿದ್ದೆ. ಸಿಟ್ಟು ಬರಲಿ ಎಂದು ಕಾದೆ. ದೊಡ್ಡಣ್ಣನ ಮೇಲೆ, ಡ್ರ್ಯಾಗನ್ನಿನ ಮೇಲೆ, ಯಾರ ಮೇಲಾದರೂ ಸರಿ. ಬರಲಿಲ್ಲ.

ಒಳಗೆ ಹೋದೆ. ಎಂಟು ಜನವೂ ಚೀಲ ಇಳಿಸದೆ ನಿಂತೇ ಇದ್ದರು. ನೀಲಗಂಗಮ್ಮ ನನ್ನ ಮುಖ ನೋಡಿ ಕೇಳಿದಳು.

"ನಾಳೆ ಬರ್ಬೇಕಾ, ಬೇಡ್ವಾ? ಅದೊಂದ್ ಹೇಳಿಬಿಡಿ."

"ಬೇಡ ನೀಲಕ್ಕ," ಎಂದೆ.

ಅವಳು ಮೋಟರನ್ನು ಪೆಟ್ಟಿಗೆಯೊಳಗೆ ಇಟ್ಟು, ರಟ್ಟಿನ ಮುಚ್ಚಳವನ್ನು ಒಂದರೊಳಗೊಂದು ಸಿಕ್ಕಿಸಿ ಮುಚ್ಚಿದಳು. ಆಮೇಲೆ ಉಳಿದವರನ್ನು ಕರೆದುಕೊಂಡು ಹೊರಟಳು.