ಮಂಗಳವಾರದ ಊಟಕ್ಕೆ ಬಂದ ಶ್ರೀಮಂತ

ಧಾರವಾಡದ ಮಾಳಮಡ್ಡಿಯಲ್ಲಿ ನನ್ನ ಬಾಯಿಗೆ ಹೆದರದವರೇ ಇರಲಿಲ್ಲ ಎಂದು ಜನ ಹೇಳುತ್ತಾರೆ. ಸುಳ್ಳು. ನಮ್ಮ ಮನೆಯ ಬೆಕ್ಕು ಹೆದರುತ್ತಿರಲಿಲ್ಲ. ಉಳಿದವರೆಲ್ಲ ಹೆದರುತ್ತಿದ್ದರು, ಅದರಲ್ಲೂ ನನ್ನ ತಮ್ಮ ವೆಂಕಣ್ಣ. ಕಚೇರಿಯಲ್ಲಿ ಕಾರಕೂನರ ಮೇಲೆ ದರ್ಪ ಮಾಡುವ ಮಹಾಶಯ ಮನೆಗೆ ಬಂದರೆ ಚಪ್ಪಲಿಯನ್ನು ಸಪ್ಪಳವಾಗದಂತೆ ಬಿಡುತ್ತಿದ್ದ. ನಾನೇನು ಹುಟ್ಟಿದಾಗಿನಿಂದ ಹೀಗಿದ್ದವಳಲ್ಲ. ಹದಿನಾರು ತುಂಬುವುದರೊಳಗೆ ಗಂಡ ತೀರಿಕೊಂಡ. ತಲೆ ಬೋಳಿಸಿ, ಕೆಂಪು ಸೀರೆ ಉಡಿಸಿ, ತವರಿನ ಅಡುಗೆಮನೆಯಲ್ಲಿ ಕೂಡಿಸಿದರು. ಈ ಅಂಬಾಬಾಯಿಯದು ಅಂತ ಉಳಿದದ್ದು ಈ ನಾಲಿಗೆಯೊಂದೇ. ಅದನ್ನು ನಾನು ತುಕ್ಕು ಹಿಡಿಯಲು ಬಿಡಲಿಲ್ಲ.

ಆಗೆಲ್ಲ ಧಾರವಾಡಕ್ಕೆ ಕಲಿಯಲು ಬರುವ ಬಡ ಹುಡುಗರು ವಾರಾನ್ನದ ಮೇಲೆ ದಿನ ತೆಗೆಯುತ್ತಿದ್ದರು. ಸೋಮವಾರ ಒಬ್ಬರ ಮನೆಯಲ್ಲಿ ಊಟ, ಮಂಗಳವಾರ ಇನ್ನೊಬ್ಬರಲ್ಲಿ. ನಮ್ಮ ಪಾಲಿಗೆ ಮಂಗಳವಾರದ ಹುಡುಗ. ಮೂವತ್ತಾರನೆಯ ಇಸವಿಯಲ್ಲಿ ನಮ್ಮ ಮಂಗಳವಾರದವನು ಮ್ಯಾಟ್ರಿಕ್ ಪಾಸಾಗಿ, ಹುಬ್ಬಳ್ಳಿಯ ರೈಲ್ವೆಯಲ್ಲಿ ನೌಕರಿ ಹಿಡಿದು ಹೋದ. ಹೊಸಬನನ್ನು ಕಳಿಸುತ್ತೇನೆಂದು ಸಾಲಿಯ ಮಾಸ್ತರರು ಹೇಳಿ ಕಳಿಸಿದ್ದರು. ನಾನು ದಾರಿ ನೋಡುತ್ತಿದ್ದೆ.

ಮುಂದಿನದು ತಿಳಿಯಬೇಕಾದರೆ ಕರೇಗುಡ್ಡ ಸಂಸ್ಥಾನದ ಪದ್ಧತಿ ಗೊತ್ತಿರಬೇಕು. ನನಗೆ ಆಗ ಗೊತ್ತಿರಲಿಲ್ಲ, ನಿಮಗೆ ಮೊದಲೇ ಹೇಳಿಬಿಡುತ್ತೇನೆ. ಸಂಸ್ಥಾನ ಅಂದರೆ ಬಹಳ ದೊಡ್ಡದೇನಲ್ಲ, ಧಾರವಾಡದಿಂದ ಆಚೆ ಒಂದಷ್ಟು ಹಳ್ಳಿ, ಒಂದು ವಾಡೆ, ಒಂದು ಮುದಿ ಆನೆ. ಅದರ ಮೂಲಪುರುಷ ಭಿಕ್ಷೆ ಬೇಡಿ ಓದಿದ ಬ್ರಾಹ್ಮಣರ ಹುಡುಗನಂತೆ. ಮುಂದೆ ಅವನು ಲಡಾಯಿಯಲ್ಲಿ ಹೆಸರು ಮಾಡಿ ಹಳ್ಳಿಗಳನ್ನು ಇನಾಮು ಪಡೆದಾಗ, ಹಿಂದೆ ಅನ್ನ ಹಾಕಿದ ಹೆಂಗಸನ್ನು ಹುಡುಕಿಸಿ ಕರೆಸಿ, ಅವಳ ಕೈಯಿಂದಲೇ ಹಣೆಗೆ ತಿಲಕ ಹಚ್ಚಿಸಿಕೊಂಡು ಗಾದಿ ಏರಿದನಂತೆ. ಅಂದಿನಿಂದ ವಯಸ್ಸಿಗೆ ಬಂದ ವಾರಸುದಾರ ಗಾದಿ ಏರುವ ಮೊದಲು ಗುರುತಿಲ್ಲದ ಒಂದು ಮನೆಗೆ ಹೋಗಿ ಭಿಕ್ಷೆ ಬೇಡಬೇಕು. ಯಾರೆಂದು ಹೇಳಬಾರದು, ಕೊಟ್ಟದ್ದನ್ನು ಅಲ್ಲೇ ಕೂತು ಉಣ್ಣಬೇಕು. ಆ ಮನೆಯವಳೇ ಅವನಿಗೆ ಅನ್ನದ ತಾಯಿ, ಮೊದಲ ತಿಲಕ ಅವಳದ್ದೇ. ಮೊದಲ ಮನೆಯಲ್ಲಿ ಅನ್ನ ಸಿಗದಿದ್ದರೆ ಗಾದಿ ಒಂದು ವರ್ಷ ಮುಂದಕ್ಕೆ.

ಆ ವರ್ಷ ವಾರಸುದಾರ ಪಂಢರಿನಾಥರಾಯ. ಧಾರವಾಡದ ಕಾಲೇಜಿನಲ್ಲಿ ಓದುತ್ತಿದ್ದ. ಅಪ್ಪ ತೀರಿಕೊಂಡಾಗಿನಿಂದ ಕಾರಭಾರವೆಲ್ಲ ಅವನ ಕಾಕಾ ಯಜ್ಞೇಶ್ವರರಾಯರದು. ತಾಯಿ ಮಥುರಾಬಾಯಿ ನನ್ನ ಹಾಗೆಯೇ ಕೆಂಪು ಸೀರೆಯವಳು. ಮಗನ ಮುಂಜಿಯನ್ನು ಅಡುಗೆಮನೆಯ ಬೆಳಕಿಂಡಿಯಿಂದ ನೋಡಿದವಳು. ಗಾದಿ ಏರುವ ದಿನ ಅವ್ವ ಎದುರಿಗೇ ಇರಬೇಕು ಎಂದು ಹುಡುಗ ಹಟ ಹಿಡಿದಿದ್ದ. ಶುಭಕಾರ್ಯದಲ್ಲಿ ವಿಧವೆ ಎದುರಿಗೆ ಬಂದರೆ ಜನ ಏನಂದಾರು ಎಂದು ಕಾಕಾ ಒಪ್ಪಿರಲಿಲ್ಲ.

ಭಿಕ್ಷೆಯ ಮನೆಯನ್ನೂ ಕಾಕಾ ಮೊದಲೇ ಗೊತ್ತು ಮಾಡಿಟ್ಟಿದ್ದರು. ಗುರುತಿಲ್ಲದ ಮನೆ ಅಂತ ಹೆಸರಿಗೆ ಮಾತ್ರ. ನಮ್ಮ ಓಣಿಯ ವಕೀಲರ ಮನೆ, ಹೆಂಡತಿ ಮುತ್ತೈದೆ, ತುಂಬಿದ ಮನೆಯವಳು. ಬಾಗಿಲ ಮುಂದೆ ರಂಗೋಲಿ, ಒಳಗೆ ಬೆಳ್ಳಿ ತಾಟು, ಹೋಳಿಗೆ, ತುಪ್ಪ. ಆ ಮಂಗಳವಾರ ಹುಡುಗ ಆ ಬಾಗಿಲಲ್ಲಿ ನಿಲ್ಲದೆ, ಇನ್ನೂ ಮುಂದೆ ನಡೆದು, ನಮ್ಮ ಮನೆ ಹೊಕ್ಕ.

"ಭವತಿ ಭಿಕ್ಷಾಂ ದೇಹಿ" ಎಂದು ಬಾಗಿಲಲ್ಲಿ ದನಿ ಕೇಳಿ ಹೊರಗೆ ಬಂದೆ. ಧೋತರ ಉಟ್ಟು, ಬರಿಮೈ ಮೇಲೆ ಶಲ್ಯ ಹೊದ್ದು, ಹೆಗಲಿಗೆ ಜೋಳಿಗೆ ಹಾಕಿಕೊಂಡ ಹುಡುಗ. ಬೆಳ್ಳಗೆ, ದುಂಡಗೆ, ಬೆಣ್ಣೆ ತಿಂದ ಮೈ. ಮಾಸ್ತರರು ಹೇಳಿದ ಹೊಸ ಮಂಗಳವಾರದವನು ಇವನೇ ಎಂದುಕೊಂಡೆ, ಸಿಟ್ಟು ನೆತ್ತಿಗೇರಿತು.

"ಇದೇನೋ ಇದು ಬರೂ ಹೊತ್ತು? ಒಲಿ ಆರಿಸಿ ಕೂತೀನಿ ನಾ! ಮತ್ತ ಈ ಸೋಂಗು ಬ್ಯಾರೆ. ನೆಟ್ಟಗ 'ಊಟಕ್ಕ ಬಂದೀನ್ರಿ' ಅನ್ನಲಿಕ್ಕೆ ಬಾಯಿ ಇಲ್ಲೇನು?"

ಹುಡುಗ ಜೋಳಿಗೆಯನ್ನು ಹೆಗಲ ಮೇಲೆ ಸರಿಪಡಿಸಿಕೊಂಡ.

"ಮೈ ನೋಡಿದ್ರ ಉಪಾಸ ಇದ್ದಾಂಗ ಕಾಣೂದಿಲ್ಲ. ಎಷ್ಟು ಮನ್ಯಾಗ ಉಂಡು ಬಂದಿ?"

"ಇದೊಂದ ಮನಿರಿ" ಎಂದ ಮೆಲ್ಲಗೆ.

"ಹಾಂಗಾರ ಮೊದಲ ಬಾವ್ಯಾಗಿನ ಒಂದು ಕೊಡ ನೀರು ಸೇದಿ ತಾ. ಕೈ ಕಾಲು ನೆಟ್ಟಗಿದ್ದವರಿಗೆ ಸುಮ್ಮ ಕೂತು ಉಣ್ಣಸೂದಿಲ್ಲ ನಮ್ಮ ಮನ್ಯಾಗ."

ಹಿತ್ತಲಿಗೆ ಹೋದ. ಪುಣ್ಯಾತ್ಮ ಜನ್ಮದಲ್ಲಿ ಹಗ್ಗ ಮುಟ್ಟಿದವನಲ್ಲ ಎಂದು ನನಗೇನು ಗೊತ್ತು? ಗಡಗಡ ಎಂದು ರಾಟೆ ತಿರುಗಿದ ಸಪ್ಪಳ, ಅದರ ಹಿಂದೆ ದಡಕ್ಕನೆ ಇನ್ನೊಂದು ಸಪ್ಪಳ. ಓಡಿ ಹೋಗಿ ನೋಡಿದರೆ ನನ್ನ ತಾಮ್ರದ ಕೊಡ ಹಗ್ಗದ ಸಮೇತ ಬಾವಿಯಲ್ಲಿ!

"ಅಯ್ಯಯ್ಯ, ನಮ್ಮವ್ವನ ಕಾಲದ ಕೊಡ! ನಡಿ, ನಡಿ ಹೊರಗ. ಇವತ್ತ ನಿನಗ ಊಟಾನೂ ಇಲ್ಲ, ಏನೂ..." 

ಅಷ್ಟರಲ್ಲಿ ಅವನ ಮುಖ ಕಂಡಿತು. ಬೈಸಿಕೊಂಡ ಹುಡುಗರ ಮುಖ ನಾನು ಬೇಕಾದಷ್ಟು ನೋಡಿದ್ದೇನೆ, ಇದು ಹಾಗಿರಲಿಲ್ಲ. ಜೀವವೇ ಹೋದವನ ಹಾಗೆ ಬಿಳಿಚಿಕೊಂಡಿದ್ದ. "ಇಲ್ಲ ಅನಬ್ಯಾಡ್ರಿ ಕಾಕು. ಒಂದ ನಿಮಿಷ ತಡೀರಿ" ಎಂದವನೇ ಶಲ್ಯ ಬಿಸಾಕಿ, ಬಾವಿಯ ಗೋಡೆಯ ಮೆಟ್ಟಿಲುಗಲ್ಲು ಹಿಡಿದು ಇಳಿದೇ ಬಿಟ್ಟ. ಈಗ ಜೀವ ಹೋಗುವ ಪಾಳಿ ನನ್ನದು. ಬಾವಿಯ ಕಟ್ಟೆ ಹಿಡಿದುಕೊಂಡು ಗಂಟಲು ಹರಿಯುವ ಹಾಗೆ ಒದರಿದೆ.

"ಏ ಮುಠ್ಠಾಳ! ಮ್ಯಾಲ ಬಾರೋ! ಕೊಡ ಹಾಳಾಗಿ ಹೋಗ್ಲಿ, ಊಟ ಹಾಕ್ತೀನಿ, ಮ್ಯಾಲ ಬಾ ನಮ್ಮಪ್ಪ!"

ಬಂದ, ಕೊಡ ತೆಗೆದುಕೊಂಡೇ ಬಂದ. ಮೊಣಕಾಲಿನ ಚರ್ಮ ಕಿತ್ತಿತ್ತು, ಹಲ್ಲು ಕಟಕಟ ಎನ್ನುತ್ತಿದ್ದವು, ಆದರೆ ಮುಖದ ತುಂಬ ನಗು. ನಾನು ಒಲೆ ಹಚ್ಚಿ ಬಿಸಿ ಭಕ್ಕರಿ ಬಡಿದು ಹಾಕಿದೆ. ಝುಣಕ, ಶೇಂಗಾ ಚಟ್ನಿ, ಮೊಸರು. ಹಾಕಿದ್ದನ್ನೆಲ್ಲ ಉಂಡ. ನಾಲ್ಕನೆಯ ಭಕ್ಕರಿಗೆ ಕೈ ಹಾಕುತ್ತಿದ್ದಾಗ ಕೆಂಪು ರುಮಾಲಿನ ಚೋಪದಾರನೊಬ್ಬ ಬೆಳ್ಳಿಕೋಲು ಹಿಡಿದುಕೊಂಡು ಏದುಸಿರು ಬಿಡುತ್ತ ಬಾಗಿಲಿಗೆ ಬಂದ.

"ಸರಕಾರ! ಇಲ್ಲೇನ್ ಮಾಡಾಕತ್ತೀರಿ? ವಕೀಲರ ಮನ್ಯಾಗ ಬೆಳ್ಳಿ ತಾಟ ಹಾಕ್ಕೊಂಡ ಕಾಯಾಕತ್ತಾರ್ರಿ!"

"ಉಂಡೆ, ಮೈಲಾರಪ್ಪ" ಎಂದ ಹುಡುಗ ತುಂಬಿದ ಬಾಯಲ್ಲಿ. "ಆಗಿ ಹೋತು."

ಮೈಲಾರಪ್ಪ ನನ್ನ ಬೋಳು ತಲೆಯ ಕಡೆ ನೋಡಿದ, ಅವನ ತಾಟಿನ ಕಡೆ ನೋಡಿದ, ಅಲ್ಲೇ ಕಟ್ಟೆಯ ಮೇಲೆ ಕುಸಿದು ಕೂತ. "ಶಿವಶಿವಾ, ಇನ್ನ ಕಾಕಾಸಾಹೇಬರ ಮುಂದ ನಾ ಹೆಂಗ ಹೇಳ್ಲಿ?" ಎಂದು ಅವನೇ ನನಗೆ ಸಂಗತಿಯನ್ನೆಲ್ಲ ಬಿಡಿಸಿ ಹೇಳಿದ. ಸಂಸ್ಥಾನದ ಒಡೆಯನನ್ನು ನಾನು ಬಾವಿಗೆ ಇಳಿಸಿದ್ದೆ.

ಮರುದಿನ ಯಜ್ಞೇಶ್ವರರಾಯರು ತಾವೇ ಬಂದರು. ಕೆಟ್ಟ ಮನುಷ್ಯರಲ್ಲ. ಪಡಸಾಲೆಯಲ್ಲಿ ಕೂತು, ಹೆಗಲ ಮೇಲಿನ ಉಪರಣಿಯ ಅಂಚು ತಿರುವುತ್ತ ಬಹಳ ಮೆತ್ತಗೆ ಮಾತಾಡಿದರು.

"ಬಾಯಿ, ನಿಮ್ಮನ್ನ ಕರೀಲಾರದ ಇರಲಿಕ್ಕೆ ಬರೂದಿಲ್ಲ, ಪದ್ಧತಿ ಅದ. ಆದ್ರ ನೀವು ಆರಾಮಿಲ್ಲ ಅಂತ ಹೇಳಿ ಕಳಿಸಿದ್ರ ವಕೀಲರ ಮನಿಯವರು ನಿಮ್ಮ ಪರವಾಗಿ ತಿಲಕ ಹಚ್ಚತಾರ. ನಿಮಗೂ ನಾಕು ಮಂದ್ಯಾಗ ಮುಜುಗರ ತಪ್ಪತದ."

ನನಗೆ ಸಿಟ್ಟು ಬರಬೇಕಾಗಿತ್ತು, ಬರಲಿಲ್ಲ. ಹೆದರಿಕೆಯಾಯಿತು. ತುಂಬಿದ ಸಭೆಯಲ್ಲಿ, ಮುತ್ತೈದೆಯರ ನಡುವೆ, ನಾನು ಕುಂಕುಮದ ಬಟ್ಟಲು ಹಿಡಿದು ನಿಲ್ಲುವುದೆಂದರೇನು? "ಆಗ್ಲಿ, ವಿಚಾರ ಮಾಡ್ತೀನಿ" ಎಂದೆ. ಒಳಗಿನಿಂದ ಇಣುಕುತ್ತಿದ್ದ ವೆಂಕಣ್ಣ ನಿಟ್ಟುಸಿರು ಬಿಟ್ಟದ್ದು ನನಗೆ ಕೇಳಿಸಿತು.

ಮುಂದಿನ ಮಂಗಳವಾರ ಸರಿಯಾಗಿ ಊಟದ ಹೊತ್ತಿಗೆ ಪಂಢರಿನಾಥ ಮತ್ತೆ ಬಂದ. ಈ ಸಲ ಹೇಳಿಸಿಕೊಳ್ಳದೆ ಎರಡು ಕೊಡ ನೀರು ಸೇದಿಟ್ಟು, ಮಣೆ ಹಾಕಿಕೊಂಡು ಕೂತ.

"ಕಾಕಾ ಬಂದಿದ್ರಂತಲ್ರಿ. ನೀವು ಬರೂದಿಲ್ಲೇನು?"

"ನೀ ದಾರಿ ತಪ್ಪಿ ಬಂದಿಯಪ್ಪ. ನಾಲ್ಕು ಮನಿ ಹಿಂದ ನಿಂತಿದ್ರ ಈ ರಗಳೇನ ಇರ್ತಿದ್ದಿಲ್ಲ."

"ನಾ ದಾರಿ ತಪ್ಪಿಲ್ಲ ಕಾಕು" ಎಂದ. "ಬೇಕಂತ ನಿಮ್ಮ ಮನಿಗೆ ಬಂದೆ. ಅನ್ನದ ತಾಯಿ ಯಾರ ಆಗ್ಲಿ, ಆಕಿನ್ನ ಸಭಾದಾಗ ಬ್ಯಾಡ ಅನ್ನಲಿಕ್ಕೆ ಬರೂದಿಲ್ಲ. ನೀವು ಬಂದು ನಿಂತ್ರ, ನಮ್ಮವ್ವಗ ಮಾತ್ರ ಬ್ಯಾಡ ಅನ್ನಲಿಕ್ಕೆ ಅವರಿಗೆ ಯಾವ ಬಾಯಿ ಉಳೀತದ?"

ಈಗ ಬಂತು ನೋಡಿ ಸಿಟ್ಟು. ಕೈಯಲ್ಲಿದ್ದ ಸೌಟು ನೆಲಕ್ಕೆ ಕುಕ್ಕಿದೆ.

"ಅಂದ್ರ ನನ್ನ ಬೋಳು ತಲಿ ನೋಡಿ ಬಂದಿ ಅನ್ನು! ನಿಮ್ಮವ್ವನ ಸಲುವಾಗಿ ನನ್ನ ಮುಂದ ನೂಕಲಿಕ್ಕೆ!"

"ಬೋಳು ತಲಿ ಈ ಓಣ್ಯಾಗ ಬೇಕಾದಷ್ಟು ಅದಾವ್ರಿ" ಎಂದ, ತಲೆ ಎತ್ತದೆ. "ನಾ ನಿಮ್ಮ ಬಾಯಿ ನೋಡಿ ಬಂದೆ. ಕಾಲೇಜಿಗೆ ಹೋಗೂವಾಗ ದಿನಾ ಕೇಳ್ತಿದ್ದೆ. ಇವರು ಯಾರಿಗೂ ಹೆದರೂದಿಲ್ಲ ಅಂತ ಅನಿಸ್ತು."

ಮೆಚ್ಚುಗೆಯೋ ಬೈಗುಳವೋ ತಿಳಿಯದೆ ಇನ್ನೊಂದು ಭಕ್ಕರಿ ಹಾಕಿದೆ. ಅವನು ಹೋದ ಮೇಲೆ ವೆಂಕಣ್ಣ ಬಂದು ಅಡುಗೆಮನೆಯ ಹೊಸ್ತಿಲಲ್ಲಿ ನಿಂತ. ಬ್ಯಾಡ ಅನ್ನುತ್ತಾನೆ ಎಂದುಕೊಂಡೆ.

"ಅಂಬಕ್ಕ, ನನ್ನ ಲಗ್ನದಾಗ ನೀ ಹಿತ್ತಲದಾಗ ಹೋಳಿಗಿ ಬೇಯಸ್ಕೋತ ಇದ್ದಿ. ಅಕ್ಷತಾ ಬೀಳೂವಾಗ ನಾ ಹಿಂದ ತಿರುಗಿ ಸುದ್ಧಾ ನೋಡಲಿಲ್ಲ." ಅಷ್ಟು ಹೇಳಿ ಮೂಗು ಸೀಟಿಕೊಂಡ. "ಹೋಗಿ ಬಾ. ನಾನೂ ಬರ್ತೀನಿ."

ಗಾದಿ ಏರುವ ದಿನ ಸಂಸ್ಥಾನದ ಮೋಟಾರು ನಮ್ಮ ಬಾಗಿಲಿಗೇ ಬಂತು. ಓಣಿಯವರೆಲ್ಲ ಕಿಟಕಿಯಲ್ಲಿ. ಕರೇಗುಡ್ಡದ ವಾಡೆಯ ತುಂಬ ಚೌಘಡದ ಬಡಿತ, ಸನಾದಿಯ ದನಿ, ಅತ್ತರಿನ ವಾಸನೆ. ಮುದಿ ಆನೆಯ ಬೆನ್ನಿಗೆ ಹೊಸ ಝೂಲು ಹೊದಿಸಿದ್ದರು, ಅದು ಅದನ್ನೇ ಮೇಯಲು ನೋಡುತ್ತಿತ್ತು. ದರಬಾರದಲ್ಲಿ ಪಂಢರಿನಾಥ ಜರಿಯ ರುಮಾಲು ಸುತ್ತಿಕೊಂಡು ಗಾದಿಯ ಮುಂದೆ ನಿಂತಿದ್ದ. ನಮ್ಮ ಹಿತ್ತಲಲ್ಲಿ ಹಲ್ಲು ಕಟಕಟಿಸುತ್ತ ನಡುಗಿದವನು ಇವನೇ ಏನು ಎನಿಸಿತು.

"ಅನ್ನದ ತಾಯಿ ಬರಬೇಕು!" ಎಂದು ಮೈಲಾರಪ್ಪ ಕೂಗಿದ.

ನಾನು ಎದ್ದೆ. ಸನಾದಿಯವರು ಊದುತ್ತಲೇ ಇದ್ದರು. ಮುತ್ತೈದೆಯರು ಸೀರೆಯ ಸೆರಗು ಎಳೆದುಕೊಂಡು ಸರಿದು ದಾರಿ ಬಿಟ್ಟರು. ಗೌರವಕ್ಕಲ್ಲ, ಮೈ ತಾಗಬಾರದೆಂದು. "ಅಪಶಕುನ" ಎಂದು ಹಿಂದೆ ಯಾರೋ ಅಂದರು. ಪುರೋಹಿತರು ಕುಂಕುಮದ ಬಟ್ಟಲನ್ನು ನನ್ನ ಕೈಗೆ ಕೊಡದೆ ಪಕ್ಕದ ಚೌರಂಗದ ಮಣೆಯ ಮೇಲೆ ಇಟ್ಟರು. ಎತ್ತಿಕೊಂಡೆ. ಏನಾದರೂ ಚುರುಕಾಗಿ ಅಂದುಬಿಡೋಣವೆಂದರೆ ಬಾಯಿ ಒಣಗಿತ್ತು. ಪಂಢರಿನಾಥ ಹಣೆ ಬಾಗಿಸಿ ಕಾಯುತ್ತಿದ್ದ. ನಾನು ಒಂದು ಹೆಜ್ಜೆಯನ್ನೂ ಇಡಲಾರದೆ ನಿಂತೆ.

ಎಡಗಡೆ ಒಳಗಿನ ಬಾಗಿಲಿಗೆ ಪರದೆ ಹಾಕಿತ್ತು. ಅದರ ಕೆಳಗೆ ಎರಡು ಬರಿಗಾಲು, ಕೆಂಪು ಸೀರೆಯ ಅಂಚು ಕಂಡವು. ಹುಡುಗನ ಅವ್ವ ಅಷ್ಟು ಹತ್ತಿರ ಬಂದು ನಿಂತಿದ್ದರು ಪಾಪ, ಪರದೆಯನ್ನು ಒಂದು ಬೆರಳಿನಷ್ಟೂ ಸರಿಸಿರಲಿಲ್ಲ.

ಗಾದಿಯ ಕಡೆ ಹೋಗಬೇಕಾದವಳು ಆ ಕಡೆ ತಿರುಗಿದೆ. ಪರದೆ ಸರಿಸಿದೆ. ಮಥುರಾಬಾಯಿ ಸಿಕ್ಕಿಬಿದ್ದ ಕಳ್ಳರ ಹಾಗೆ ಹಿಂದೆ ಸರಿದರು.

"ಬಾಯೀಸಾಹೇಬ್ರ" ಎಂದೆ. "ನಿಮ್ಮ ಮಗ ನನಗ ಯಾರ ಹೆದರಿಕಿನೂ ಇಲ್ಲ ಅಂತ ತಿಳದಾನ. ಖರೇ ಹೇಳ್ತೀನ್ರಿ, ಭಾಳ ಹೆದರಿಕಿ ಬರ್ಲಿಕ್ಕತ್ತದ. ಒಬ್ಬಾಕಿಗೆ ಆಗೂದಿಲ್ಲ. ಜೋಡಿ ಬರ್ರಿ."

"ನಾ ಹೆಂಗ ಬರ್ಲಿ" ಎಂದರು. ಆದರೆ ನಾನು ಕೈ ಹಿಡಿದಾಗ ಬಿಡಿಸಿಕೊಳ್ಳಲಿಲ್ಲ. ಅವರ ಕೈ ನನ್ನದಕ್ಕಿಂತ ತಣ್ಣಗಿತ್ತು.

ಯಜ್ಞೇಶ್ವರರಾಯರು ಎದ್ದು ನಿಂತರು. ಇಬ್ಬರನ್ನೂ ನೋಡಿದರು. ಪಂಢರಿನಾಥ ತಲೆ ಎತ್ತಿ ಅವರನ್ನೇ ನೋಡುತ್ತಿದ್ದ. ಕಾಕಾ ತಮ್ಮ ಕುರ್ಚಿಯನ್ನು ತಾವೇ ಹಿಂದಕ್ಕೆ ಎಳೆದು ನಮಗೆ ದಾರಿ ಮಾಡಿದರು. "ಬರ್ರಿ ವೈನಿ" ಎಂದು ಅತ್ತಿಗೆಯನ್ನು ಕರೆದರು.

ಕುಂಕುಮದಲ್ಲಿ ನಾನು ಮಥುರಾಬಾಯಿಯ ಬೆರಳು ಅದ್ದಿಸಿದೆ, ನನ್ನದನ್ನೂ ಅದ್ದಿದೆ. ಇಬ್ಬರೂ ಸೇರಿ ಹಚ್ಚಿದ ತಿಲಕ ಸೊಟ್ಟಗಾಗಿ ಅರ್ಧ ಹುಬ್ಬಿನ ಮೇಲೆ ಹರಿಯಿತು. ಸಂಸ್ಥಾನದ ಒಡೆಯ ಅಷ್ಟು ಜನರ ಎದುರಿಗೆ ಸಣ್ಣ ಹುಡುಗನ ಹಾಗೆ ಗಳಗಳ ಅತ್ತ. ನಾನೂ ಅತ್ತೆ, ನಾಚಿಕೆಯೇನು ಅದರಲ್ಲಿ?

ಪಂಕ್ತಿಯಲ್ಲಿ ನನ್ನನ್ನೂ ಮಥುರಾಬಾಯಿಯನ್ನೂ ಎಲ್ಲರ ನಡುವೆಯೇ ಕೂಡಿಸಿದರು. ಕೈ ತೊಳೆಯಲು ಮೈಲಾರಪ್ಪ ತಂಬಿಗೆ ತಂದ. ಮಥುರಾಬಾಯಿ ಬೆರಳ ತುದಿಯ ಕೆಂಪನ್ನು ನೋಡಿಕೊಂಡು, ಬೇಡ ಎಂದು ತಲೆ ಅಲ್ಲಾಡಿಸಿದರು. ನಾನೂ ತೊಳೆದುಕೊಳ್ಳಲಿಲ್ಲ. ಹಾಗೆಯೇ ಅನ್ನ ಕಲಸಿಕೊಂಡು ಉಂಡೆವು.