ಕೆಳ ಸಾಲಿನ ಹನ್ನೆರಡು ರೂಮುಗಳು

ಹ್ಯಾಸ್ಕಿನ್ಸ್ ಇನ್ ಎಂಬ ಹೋಟೆಲಿನ ಕೆಳ ಸಾಲಿನಲ್ಲಿ, ಸರೋವರಕ್ಕೆ ಮುಖಮಾಡಿ, ಹನ್ನೆರಡು ರೂಮುಗಳು. ಮೂವತ್ತೈದು ವರ್ಷಗಳಿಂದ, ಗುಡಿಸಿ ಒರೆಸುವ ಲೆಕ್ಕದಲ್ಲಿ, ಅವು ವರ್ನಾ ಟಟಲ್‌ಳವು. ಮೇಲ್ವಿಚಾರಕಿ ತುಂಬುವ ದಿನದ ಕೆಲಸದ ಹಾಳೆಯಲ್ಲೂ ಹಾಗೆಯೇ ಬರೆದಿರುತ್ತಿತ್ತು: ಹನ್ನೆರಡು ರೂಮು, ವರ್ನಾ. ನಿಜಕ್ಕೂ ಕಳೆದ ನಾಲ್ಕು ವರ್ಷಗಳಿಂದ ಅವಳು ಮಾಡುತ್ತಿದ್ದುದು ಹತ್ತೇ. ಮೊಣಕಾಲು ಊದಿಕೊಂಡ ಮೇಲೆ ಕೊನೆಯ ಎರಡನ್ನು ಮಾರ್ಲೀನ್ ಊಟದ ಹೊತ್ತಿನಲ್ಲಿ ಹೋಗಿ ಮುಗಿಸಿ ಬರುತ್ತಿದ್ದಳು. ಈ ವಿಷಯ ಇಬ್ಬರೂ ಎಂದೂ ಮಾತಾಡಿರಲಿಲ್ಲ.

ಮಾರ್ಲೀನ್ ಊಲೆಟ್ ಅಲ್ಲಿನ ಕೆಲಸದವರ ಮೇಲ್ವಿಚಾರಕಿ. ಆಲೂಗಡ್ಡೆ ಹೊಲದ ಮನೆಯಿಂದ ಹತ್ತೊಂಬತ್ತರ ವಯಸ್ಸಿಗೆ ಬಂದವಳಿಗೆ ಚಾದರದ ಮೂಲೆ ಮಡಿಸುವುದನ್ನು ಕಲಿಸಿದವಳು ವರ್ನಾ. ಮೊದಲ ದಿನವೇ ಹೇಳಿದ್ದಳು, ಹಾಸಿ ಮುಗಿಸಿದ ಹಾಸಿಗೆಯ ಮೇಲೆ ಎಷ್ಟೇ ಸುಸ್ತಾದರೂ ಕೂರಬೇಡ, ಕೂತರೆ ಆ ರೂಮು ಮೊದಲಿನಿಂದ ಮಾಡಬೇಕು ಅಂತ. ಸುಸ್ತಾದರೆ ಬಚ್ಚಲ ತೊಟ್ಟಿಯ ಅಂಚು ಇದ್ದೇ ಇದೆ.

ಐವತ್ತೊಂದರ ವಯಸ್ಸಿನಲ್ಲಿ ಮಾರ್ಲೀನ್ ಮತ್ತೆ ವಿದ್ಯಾರ್ಥಿನಿಯಾದಳು. ಹೋಟೆಲುಗಳಲ್ಲಿ ದುಡಿದು ಪಳಗಿದವರಿಗೆಂದೇ ಇದ್ದ ಸ್ನಾತಕೋತ್ತರ ತರಗತಿ ಅದು. ವರ್ಷವಿಡೀ ಕಂಪ್ಯೂಟರಿನಲ್ಲಿ ಪಾಠ, ಬೇಸಿಗೆಯಲ್ಲಿ ಎರಡು ವಾರ ಕಾಲೇಜಿನಲ್ಲೇ ವಾಸ. ಜೊತೆಯಲ್ಲಿ ಓದುತ್ತಿದ್ದವರಲ್ಲಿ ಒಬ್ಬ ಹಡಗಿನ ಅಡುಗೆಯವನು, ಒಬ್ಬಾಕೆ ಹಿಮಜಾರಾಟದ ಊರಿನ ವಸತಿಗೃಹ ನಡೆಸುವವಳು. ಶುಲ್ಕ ಕಟ್ಟಿದ್ದು ಯಜಮಾನ ಎವರೆಟ್ ಹ್ಯಾಸ್ಕಿನ್ಸ್. ಕೊನೆಯ ಪ್ರಬಂಧ ತಮ್ಮ ಹೋಟೆಲಿನ ಬಗ್ಗೆಯೇ ಇರಬೇಕು, ಒಂದು ಪ್ರತಿ ತನಗೂ ಕೊಡಬೇಕು ಅಂತ ಒಂದೇ ಷರತ್ತು ಹಾಕಿದ್ದ.

ಅವಳು ಆರಿಸಿಕೊಂಡ ವಿಷಯ, ಒಂದು ರೂಮು ಶುಚಿಮಾಡಲು ನಿಜಕ್ಕೂ ಎಷ್ಟು ಹೊತ್ತು ಬೇಕು ಎನ್ನುವುದು. ವಯಸ್ಸಾದವರಿಗೆ ಮೆಟ್ಟಿಲಿಲ್ಲದ ಕಡೆ, ಕಡಿಮೆ ರೂಮು ಕೊಟ್ಟರೆ ಅವರು ಇನ್ನೂ ಹಲವು ವರ್ಷ ದುಡಿಯಬಲ್ಲರು ಎಂದು ತೋರಿಸುವುದು ಅವಳ ಮನಸ್ಸಿನಲ್ಲಿತ್ತು. ಮೊದಲು ದಿನದ ಹಾಳೆಗಳ ಲೆಕ್ಕವನ್ನೇ ಎತ್ತಿ ಬರೆದು ಕಳಿಸಿದಳು. ಪ್ರಬಂಧ ನೋಡುತ್ತಿದ್ದ ಕಾಲೇಜಿನ ಮೇಡಂ ಅದನ್ನು ಹಿಂದಿರುಗಿಸಿದರು. ಅರವತ್ತು ದಾಟಿದವರು ಪ್ರತಿದಿನ ತಪ್ಪದೆ ಹನ್ನೆರಡು ರೂಮು ಮುಗಿಸುವುದುಂಟೆ? ಮೂವತ್ತು ವರ್ಷ ಕೆಲಸ ಮಾಡಿದವರು ನೀವು, ಹಾಳೆ ಬಿಟ್ಟು ಕಣ್ಣಿಗೆ ಕಂಡದ್ದು ಬರೆಯಿರಿ ಅಂದರು.

ಎರಡು ದಿನ ಬಿಟ್ಟು ಮಾರ್ಲೀನ್ ವರ್ನಾಳ ಬಳಿ ಹೋದಳು. ಎಲ್ಲರ ಕೆಲಸವನ್ನೂ ಗಡಿಯಾರ ಹಿಡಿದು ಅಳೆಯಬೇಕಾಗಿದೆ ಅಂದಳು.

"ಅಳತೆ ಮಾಡ್ಕೊಳೇ, ನನಗೇನು ನಾಚಿಕೆ," ಅಂದಳು ವರ್ನಾ. "ನಾನು ಕಲಿಸಿದವಳು ಪಂಡಿತೆ ಆಗ್ತಾಳೆ ಅಂದ್ರೆ ನಾನೇನು ಅಡ್ಡ ಬರ್ತೀನಾ?"

ಆರು ವಾರ ಮಾರ್ಲೀನ್ ಗಡಿಯಾರ ಹಿಡಿದು ಎಲ್ಲರ ಹಿಂದೆ ನಡೆದಳು. ವರ್ನಾ ಚಾದರ ಕೊಡವಿ, ದಿಂಬಿನ ಗವಸು ಹಾಕಿ, ತೊಟ್ಟಿ ಉಜ್ಜಿ, ಅದರ ಅಂಚಿನ ಮೇಲೆ ಕಾಲು ಚಾಚಿ ಕೂರುವಳು. ಮಾರ್ಲೀನ್ ಗಡಿಯಾರ ನಿಲ್ಲಿಸಲು ಹೋದರೆ ಬೇಡವೆನ್ನುವಳು.

"ನಿಲ್ಲಿಸಬೇಡ ಕಣೇ. ನನ್ನ ವಯಸ್ಸಿಗೆ ಕೂರೋದೂ ಕೆಲಸವೇ."

ಪ್ರಬಂಧದಲ್ಲಿ ಯಾರ ಹೆಸರೂ ಇರಲಿಲ್ಲ. ಎ, ಬಿ, ಸಿ, ಡಿ ಎಂದಷ್ಟೇ ಇತ್ತು. 'ಸಿ'ಗೆ ಹತ್ತು ರೂಮು, ಉಳಿದೆರಡು ಮೇಲ್ವಿಚಾರಕಿಯಿಂದ ಎಂದು ಮಾರ್ಲೀನ್ ನಿಜವನ್ನೇ ಬರೆದಳು. ಮೇಡಂ ತುಂಬ ಮೆಚ್ಚಿದರು. ಒಂದು ಪ್ರತಿ ಹ್ಯಾಸ್ಕಿನ್ಸ್‌ನ ಮೇಜಿನ ಮೇಲೂ ಇಟ್ಟಳು. ಸುಟ್ಟುಹೋದ ಬಲ್ಬುಗಳ ಪಟ್ಟಿ ಕೊಟ್ಟರೂ ಅದನ್ನು ವಾರಗಟ್ಟಲೆ ಕಾಫಿ ಲೋಟದ ಕೆಳಗಿಡುವ ಮನುಷ್ಯ, ಇದನ್ನು ಓದುತ್ತಾನೆಯೆ ಎಂದುಕೊಂಡಿದ್ದಳು.

ಅವನು ಪೆನ್ಸಿಲ್ ಹಿಡಿದು ಓದಿದ್ದ.

ಶರತ್ಕಾಲದಲ್ಲಿ ಮೇಪಲ್ ಮರದ ಎಲೆಗಳ ಕೆಂಪು ನೋಡಲು ಬಂದವರೆಲ್ಲ ಹಿಂದಿರುಗಿದ ವಾರ ಅವಳನ್ನು ಕರೆಸಿದ. ಕುರ್ಚಿ ತೋರಿಸಿದ. ಬರುವ ವಸಂತದಿಂದ ಇಡೀ ಹೋಟೆಲಿನ ವ್ಯವಸ್ಥೆ ಅವಳದೇ ಅಂದ. ಆಮೇಲೆ ಹಾಳೆ ತಿರುವಿದ.

"ಸಿ ಅನ್ನೋವರು ಯಾರು ಅಂತ ನಾನು ಕೇಳೋಲ್ಲ. ಕೆಳ ಸಾಲು, ಮೆಟ್ಟಿಲಿಲ್ಲ ಅಂತ ನೀವೇ ಬರೆದಿದ್ದೀರಿ."

ವಯಸ್ಸಾದವರಿಗೆ ಕಡಿಮೆ ರೂಮು ಕೊಡಬೇಕೆಂದು ಬರೆದ ಕೊನೆಯ ಅಧ್ಯಾಯ ಓದಿದಿರಾ ಎಂದು ಮಾರ್ಲೀನ್ ಕೇಳಿದಳು. ಓದಿದೆ, ಸೊಗಸಾಗಿದೆ, ದೊಡ್ಡ ಹೋಟೆಲುಗಳಿಗೆ ಹೊಂದುತ್ತೆ ಅಂದ. ಆ ಎರಡು ರೂಮು ಇನ್ನು ಮುಂದೆಯೂ ತಾನೇ ಮಾಡುತ್ತೇನೆ, ಯಾರಿಗೂ ಭಾರವಿಲ್ಲ ಅಂದಳು. ಅವನು ಕನ್ನಡಕ ತೆಗೆದು ಒರೆಸಿಕೊಂಡ. ಮನುಷ್ಯ ಕೆಟ್ಟವನಲ್ಲ.

"ನಿಮ್ಮನ್ನ ಓದಿಸಿದ್ದು ಆ ಎರಡು ರೂಮು ಗುಡಿಸೋಕಲ್ಲ, ಮಾರ್ಲೀನ್."

ವರ್ನಾ ಕೆಲಸ ಬಿಡಲು ಇನ್ನು ಆರು ವಾರದ ಗಡುವು. ಕೆಲಸದವರಿಗೆ ಇಂಥದ್ದನ್ನು ಹೇಳುವುದು ಅಲ್ಲಿ ಯಜಮಾನನ ಪಾಲಿನ ಕೆಲಸವಲ್ಲ, ಮೇಲ್ವಿಚಾರಕಿಯದು.

ವರ್ನಾ ವಾಸವಿದ್ದುದು ಬಟ್ಟೆ ಒಗೆಯುವ ಕೋಣೆಯ ಹಿಂದಿನ ರೂಮಿನಲ್ಲಿ. ಕೆಲಸ ಹೋದರೆ ಅದೂ ಹೋಯಿತು. ಮಾರ್ಲೀನ್ ಒಳಗೆ ಹೋದಾಗ ಅವಳು ದೊಡ್ಡ ಚಾದರವೊಂದನ್ನು ಹಿಡಿದು ಜೊತೆಗಾರರಿಗಾಗಿ ಕಾಯುತ್ತಿದ್ದಳು. ಇಬ್ಬರೂ ಎರಡು ತುದಿ ಹಿಡಿದರು. ಮಡಿಸುತ್ತ ಮಡಿಸುತ್ತ ಹತ್ತಿರ ಬಂದಾಗ ಮಾರ್ಲೀನ್ ಹೇಳಿದಳು. ವರ್ನಾ ಅವಳ ಕೈಯಲ್ಲಿದ್ದ ತುದಿಗಳನ್ನು ತಾನೇ ತೆಗೆದುಕೊಂಡು ಮಡಿಕೆ ಮುಗಿಸಿದಳು.

"ಆ ಮನುಷ್ಯ ಜನ್ಮದಲ್ಲಿ ಓದಿದ್ದು ಒಂದು ಪುಸ್ತಕ," ಅಂದಳು. "ಅದೂ ನನ್ನ ಕಾಲಿನ ಕಥೆಯೇ ಆಗ್ಬೇಕಿತ್ತಾ?"

"ಓದ್ತಾರೆ ಅಂದ್ಕೊಂಡಿರಲಿಲ್ಲ ವರ್ನಾ. ಸುಳ್ಳು ಬರೆದಿದ್ರೆ ಆಗ್ತಿತ್ತು."

"ಸುಳ್ಳು ಬರೆದಿದ್ಯಲ್ಲ, ನಾಲ್ಕು ವರ್ಷ, ಹಾಳೇಲಿ. ಚೆನ್ನಾಗೇ ಬರೀತಿದ್ದೆ."

ಆಮೇಲೆ ಇನ್ನೊಂದು ಚಾದರ ಎಳೆದುಕೊಂಡಳು. ಬ್ಯಾಂಗೋರ್ ಊರಿನಲ್ಲಿ ತಂಗಿ ಇದ್ದಾಳೆ, ಅಲ್ಲಿ ಮಲಗುವುದಕ್ಕೆ ಮಹಡಿ ಹತ್ತಬೇಕು, ಅಷ್ಟೇ ತೊಂದರೆ ಅಂತ ಹೇಳಿದಳು.

ಸರೋವರದ ಅಂಚು ಹೆಪ್ಪುಗಟ್ಟಿದ ವಾರ, ಬೆಳಿಗ್ಗೆ, ತಂಗಿಯ ಗಂಡ ಗಾಡಿ ತಂದ. ಎರಡು ಪೆಟ್ಟಿಗೆ, ಒಂದು ಹೊಲಿಗೆ ಯಂತ್ರ. ವರ್ನಾ ಮಾರ್ಲೀನಳ ಕೋಟಿನ ಕಾಲರಿಗೆ ಅಂಟಿದ ದಾರದ ಎಳೆಯೊಂದನ್ನು ಕಿತ್ತು ತನ್ನ ಜೇಬಿಗೆ ಹಾಕಿಕೊಂಡಳು, ಯಾವಾಗಲೂ ಮಾಡುತ್ತಿದ್ದಂತೆ. ಗಾಡಿ ಹೊರಟಿತು.

ಖಾಲಿಯಾದ ರೂಮನ್ನು ನೋಡಿ ಸಹಿ ಹಾಕುವುದು ಮೇಲ್ವಿಚಾರಕಿಯ ಕೆಲಸ. ಮಾರ್ಲೀನ್ ಬಕೆಟ್ಟು, ಬಟ್ಟೆ ಹಿಡಿದೇ ಹೋದಳು. ಬೇಕಾಗಲಿಲ್ಲ. ಕಿಟಕಿಯ ಗಾಜು, ಬಾಗಿಲ ಸಂದು, ಮಂಚದ ಅಡಿ ಎಲ್ಲವನ್ನೂ ಒರೆಸಿ ಆಗಿತ್ತು. ಹಾಸಿಗೆಯ ಮೇಲೆ ಬಿಳಿ ಚಾದರ, ನಾಲ್ಕು ಮೂಲೆಯೂ ಚಾಕುವಿನಂತೆ ಚೂಪು.

ಹೊಸ ಹಾಳೆಯಲ್ಲಿ ಈಗ ಎಷ್ಟು ನಿಮಿಷ ಹಿಡಿಯಿತು ಎನ್ನುವುದಕ್ಕೂ ಒಂದು ಅಂಕಣವಿತ್ತು. ಪ್ರಬಂಧ ಓದಿದ ಮೇಲೆ ಹ್ಯಾಸ್ಕಿನ್ಸ್ ಅಚ್ಚು ಹಾಕಿಸಿದ್ದು. ರೂಮು ಮಾಡಿದವರ ಹೆಸರಿನ ಕಡೆ ಅವಳು ವರ್ನಾ ಎಂದು ಬರೆದಳು. ನಿಮಿಷದ ಕಡೆಗೆ ಬಂದಾಗ ಪೆನ್ನು ನಿಂತಿತು. ಆ ಕಾಲು ಹೊತ್ತುಕೊಂಡು ಅವಳು ರಾತ್ರಿಯಿಂದಲೇ ಶುರುಮಾಡಿದ್ದಿರಬೇಕು.

ಮಾರ್ಲೀನಳಿಗೆ ಕೂರಬೇಕೆನ್ನಿಸಿತು. ಆ ರೂಮಿಗೆ ಬೇರೆ ಬಚ್ಚಲಿರಲಿಲ್ಲ, ಕುರ್ಚಿಯನ್ನು ಗಾಡಿಗೆ ಹಾಕಿದ್ದರು. ಹಾಸಿಗೆಯೊಂದೇ ಇತ್ತು. ಅವಳು ಬಕೆಟ್ಟನ್ನು ಕೆಳಗಿಟ್ಟು, ಹಾಳೆ ಹಿಡಿದುಕೊಂಡು, ನಿಂತೇ ಇದ್ದಳು.